ಇವನು ಒಳ್ಳೆಯವನೋ ಕೆಟ್ಟವನೋ: ಥ್ರಿಲ್ಲರ್ ಚಿತ್ರದ ಮೊದಲ ಐದು ನಿಮಿಷ ಬರೆಯುವ ಬಗೆ

ಮೊದಲ ಬಾರಿಗೆ ಥ್ರಿಲ್ಲರ್ ಬರೆಯಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮುಖ್ಯ ಪಾತ್ರದ ಮೇಲೆ ನೋಡುಗರಿಗೆ ಅನುಮಾನ ಹುಟ್ಟಬೇಕು, ಆದರೆ ಆ ಪಾತ್ರದ ಕೈಬಿಡಲು ಮನಸ್ಸೂ ಬರಬಾರದು. ಇದನ್ನು ಸಾಧಿಸುವುದು ಹೇಗೆಂದು ತೋಚದೆ, ಸಿಕ್ಕಿದ್ದನ್ನೆಲ್ಲ ಮುಚ್ಚಿಡಲು ಶುರುಮಾಡುತ್ತಾರೆ. ಕತ್ತಲಲ್ಲಿ ಮುಖ, ಹುಬ್ಬಿನವರೆಗೆ ಎಳೆದ ಟೋಪಿ, ಬೆನ್ನಷ್ಟೇ ಕಾಣುವ ಶಾಟ್, ನಲ್ಲಿಯ ಕೆಳಗೆ ರಕ್ತ ತೊಳೆಯುವ ಕೈ, ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸಂಗೀತ. ಇಷ್ಟೆಲ್ಲ ಇದ್ದೂ ನೋಡುಗನಿಗೆ ಏನೂ ಅನ್ನಿಸುವುದಿಲ್ಲ. ಯಾಕೆಂದರೆ ಅವನ ಎದುರು ಇನ್ನೂ ಒಬ್ಬ ಮನುಷ್ಯನೇ ಬಂದಿಲ್ಲ. ಬಂದಿರುವುದು ಒಂದು ನೆರಳು. ನೆರಳಿನ ಬಗ್ಗೆ ಯಾರೂ ಎರಡು ಮನಸ್ಸಿನಲ್ಲಿ ಇರುವುದಿಲ್ಲ.

ಪಾತ್ರದ ಬಗ್ಗೆ ಸಂದಿಗ್ಧ ಹುಟ್ಟಲು ಮಾಹಿತಿ ಕಡಿಮೆಯಾದರೆ ಸಾಲದು. ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಮಾನಗಳಿಗೂ ಸಾಲುವಷ್ಟು ಸಾಕ್ಷ್ಯ ಕಣ್ಣೆದುರಿಗೆ ಇರಬೇಕು, ಯಾವುದನ್ನು ನಂಬಬೇಕೆಂದು ಹೇಳುವವರು ಮಾತ್ರ ಇರಬಾರದು. ಆದ್ದರಿಂದ ಬರೆಯುವವರು ಪಾಲಿಸಬೇಕಾದ ನಿಯಮ ಒಂದೇ: ಪಾತ್ರ ಮಾಡುವುದನ್ನು ಹಗಲು ಬೆಳಕಿನಲ್ಲಿ ತೋರಿಸಿ, ಯಾಕೆ ಮಾಡುತ್ತದೆ ಎನ್ನುವುದನ್ನು ತಡೆಹಿಡಿಯಿರಿ. ಮುಂದೆ ಹೇಳುವುದೆಲ್ಲ ಈ ನಿಯಮದ ವಿವರಣೆ. ಉದಾಹರಣೆಗೆ ತೆಗೆದುಕೊಂಡ ಕೆಲವು ಚಿತ್ರಗಳ ಗುಟ್ಟು ಇಲ್ಲಿ ಬಯಲಾಗುತ್ತದೆ. ‘ಕಹಾನಿ’, ‘ದೃಶ್ಯಂ’, ‘ಅಂಧಾಧುನ್’ ಇನ್ನೂ ನೋಡಿಲ್ಲವಾದರೆ ಮೊದಲು ಅವನ್ನು ನೋಡಿ ಬನ್ನಿ.

ಇದು ಫಲಿಸುವುದು ಯಾಕೆ

1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಒಬ್ಬ ಅಪರಿಚಿತನ ಗುಣಗಳ ಪಟ್ಟಿ ಅದು: ಬುದ್ಧಿವಂತ, ಶ್ರಮಜೀವಿ, ದುಡುಕಿನವನು, ತಪ್ಪು ಹುಡುಕುವವನು, ಹಠಮಾರಿ, ಹೊಟ್ಟೆಕಿಚ್ಚಿನವನು. ಒಂದು ಗುಂಪಿಗೆ ಇದೇ ಕ್ರಮದಲ್ಲಿ ಹೇಳಿದರು, ಇನ್ನೊಂದು ಗುಂಪಿಗೆ ಕೊನೆಯಿಂದ ಮೊದಲಿಗೆ. ಮೊದಲ ಗುಂಪಿಗೆ ಅವನು ಒಂದೆರಡು ಕುಂದುಗಳಿದ್ದರೂ ಸಮರ್ಥನಾಗಿ ಕಂಡ. ಎರಡನೆಯ ಗುಂಪಿಗೆ ತನ್ನ ಕುಂದುಗಳಿಂದಲೇ ಕೆಟ್ಟುಹೋದವನಾಗಿ ಕಂಡ. ಪದಗಳು ಅವೇ, ಮನುಷ್ಯ ಬೇರೆ. ಮೊದಲು ಬಂದ ಪದ ಅಚ್ಚು ಹಾಕಿತು, ಆಮೇಲೆ ಬಂದವು ಆ ಅಚ್ಚಿನೊಳಗೆ ಬಿದ್ದವು.

ಚಿತ್ರಕಥೆ ಬರೆಯುವವರಿಗೆ ಇದರಲ್ಲೊಂದು ನೇರವಾದ ಪಾಠವಿದೆ. ಅನೇಕರು ಸಂದಿಗ್ಧತೆಗಾಗಿ ಮಾಡುವುದು ಇಷ್ಟು: ಒಂದು ಸೀನ್‌ನಲ್ಲಿ ನಾಯಕ ನಾಯಿಮರಿಗೆ ಹಾಲು ಹಾಕುತ್ತಾನೆ, ಮುಂದಿನ ಸೀನ್‌ನಲ್ಲಿ ಯಾರಿಗೋ ಹೊಡೆಯುತ್ತಾನೆ. ಒಳ್ಳೆಯದು ಒಂದು, ಕೆಟ್ಟದ್ದು ಒಂದು, ಲೆಕ್ಕ ಸರಿಹೋಯಿತು ಅಂದುಕೊಳ್ಳುತ್ತಾರೆ. ಆದರೆ ಸರಿಹೋಗುವುದಿಲ್ಲ, ಮೊದಲ ಸೀನ್ ಅಚ್ಚು ಹಾಕಿಯಾಗಿದೆ. ನೋಡುಗ ಅವನನ್ನು ‘ಸಿಟ್ಟಿನ ಒಳ್ಳೆಯವನು’ ಎಂದು ತೀರ್ಮಾನಿಸಿ ನಿರಾಳನಾಗುತ್ತಾನೆ. ಸೀನ್‌ಗಳನ್ನು ಅದಲುಬದಲು ಮಾಡಿದರೆ ‘ಮೃದು ಮನಸ್ಸಿನ ರೌಡಿ’ ಸಿಗುತ್ತಾನೆ, ಅಷ್ಟೇ. ಅಚ್ಚು ಗಟ್ಟಿಯಾಗದಂತೆ ತಡೆಯಲು ಇರುವ ದಾರಿ, ಎರಡೂ ಅರ್ಥಗಳನ್ನು ಒಂದೇ ಕ್ರಿಯೆಯಲ್ಲಿ ಕೂಡಿಸುವುದು. ಒಂದೇ ಕೆಲಸ, ಒಂದೇ ಶಾಟ್. ಹಾಗೆ ನೋಡಿದರೆ ಹಾಗೆ, ಹೀಗೆ ನೋಡಿದರೆ ಹೀಗೆ. ರಷ್ಯಾದ ಲೆವ್ ಕುಲೆಶೋವ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಯೋಗವೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ: ಭಾವವಿಲ್ಲದ ಒಂದೇ ಮುಖದ ಪಕ್ಕ ಸೂಪಿನ ಬಟ್ಟಲು ಬಂದರೆ ಹಸಿವು ಕಾಣುತ್ತದೆ, ಶವಪೆಟ್ಟಿಗೆ ಬಂದರೆ ದುಃಖ ಕಾಣುತ್ತದೆ. ಅರ್ಥ ತುಂಬುವ ಕೆಲಸವನ್ನು ನೋಡುಗ ಕೇಳದೆಯೇ ಮಾಡುತ್ತಾನೆ. ಅವನಿಗೆ ಅದನ್ನು ಮಾಡಲು ಬಿಡುವ ಧೈರ್ಯ ನಿಮಗಿರಬೇಕು.

ಒಂದು ಹಾಸಿಗೆ, ಚೆಲ್ಲಿದ ನೋಟು, ಒಂದು ಅಂಚೆಚೀಟಿ

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಷ್ಯಾಡೋ ಆಫ್ ಎ ಡೌಟ್’ (1943) ಚಿತ್ರದ ಆರಂಭವನ್ನು ಪೆನ್ನು ಕಾಗದ ಹಿಡಿದು ಒಮ್ಮೆ ನೋಡಿ. ಮಧ್ಯಾಹ್ನದ ಬೆಳಕು, ಬೀದಿಯಲ್ಲಿ ಆಡುವ ಮಕ್ಕಳು, ಬಾಡಿಗೆ ಕೋಣೆಯೊಂದರ ಕಿಟಕಿ. ಒಳಗೆ ಹಾಸಿಗೆಯ ಮೇಲೆ ಸೂಟ್ ತೊಟ್ಟೇ ಮಲಗಿದ್ದಾನೆ ಒಬ್ಬ, ಬೆರಳಲ್ಲಿ ಸಿಗಾರ್. ಪಾತ್ರದ ಹೆಸರು ಚಾರ್ಲಿ, ನಟ ಜೋಸೆಫ್ ಕಾಟನ್. ಪಕ್ಕದ ಮೇಜಿನ ಮೇಲೆ ನೋಟುಗಳು, ಕೆಲವು ನೆಲಕ್ಕೂ ಬಿದ್ದಿವೆ. ಮನೆಯೊಡತಿ ಬಂದು, ಇಬ್ಬರು ಗಂಡಸರು ನಿಮ್ಮನ್ನು ಕೇಳಿಕೊಂಡು ಬಂದಿದ್ದರು ಅನ್ನುತ್ತಾಳೆ. ದುಡ್ಡನ್ನು ಹೀಗೆ ಬಿಡಬಾರದೆಂದು ತಾಯಿಯಂತೆ ಗದರಿ ಎತ್ತಿಡುತ್ತಾಳೆ. ಅವನು ಮೆತ್ತಗೆ, ಸುಸ್ತಾದವನಂತೆ ಉತ್ತರಿಸುತ್ತಾನೆ. ನಿದ್ದೆ ಮಾಡಲೆಂದು ಅವಳು ಕಿಟಕಿಯ ಪರದೆ ಇಳಿಸುತ್ತಾಳೆ. ನೆರಳು ಅವನ ಮುಖದ ಮೇಲೆ ಇಳಿಯುತ್ತದೆ. ಅವಳು ಹೋದ ಮೇಲೆ ಎದ್ದು ಕೈಯಲ್ಲಿದ್ದ ಗಾಜಿನ ಲೋಟವನ್ನು ಬೀಸಿ ಒಡೆಯುತ್ತಾನೆ. ಆಮೇಲೆ ಹೊರಗೆ ಬಂದು, ಮೂಲೆಯಲ್ಲಿ ಕಾಯುತ್ತಿರುವ ಆ ಇಬ್ಬರ ಕಡೆಗೇ ನಡೆದು, ಅವರ ಮೈ ಸೋಕುವಷ್ಟು ಹತ್ತಿರದಿಂದ ದಾಟಿಹೋಗುತ್ತಾನೆ.

ಇಲ್ಲಿ ಮುಚ್ಚಿಟ್ಟದ್ದು ಏನು? ಮುಖ ಕಾಣುತ್ತದೆ, ಕೋಣೆ ಕಾಣುತ್ತದೆ, ದುಡ್ಡು ಕಾಣುತ್ತದೆ, ಬೆನ್ನಟ್ಟುವವರೂ ಕಾಣುತ್ತಾರೆ. ಅವರು ಯಾಕೆ ಬಂದಿದ್ದಾರೆ ಎನ್ನುವ ಒಂದೇ ಸಂಗತಿ ನಮಗೆ ಸಿಗುವುದಿಲ್ಲ. ಈಗ ಒಂದೊಂದನ್ನೇ ಒರೆಗೆ ಹಚ್ಚಿ. ನೆಲದ ಮೇಲಿನ ನೋಟು: ಕಳ್ಳನಿರಬಹುದು, ಆದರೆ ಕಳ್ಳ ದುಡ್ಡನ್ನು ಚೆಲ್ಲುವುದಿಲ್ಲ, ಹಾಗಾದರೆ ಬದುಕು ಬೇಡವಾದವನೇ? ಒಡೆದ ಲೋಟ: ಕ್ರೂರಿಯ ಸಿಟ್ಟೂ ಆದೀತು, ಮೂಲೆಗೆ ಒತ್ತರಿಸಲ್ಪಟ್ಟವನ ಹತಾಶೆಯೂ ಆದೀತು. ಎದುರಿಗೇ ನಡೆದುಹೋಗುವುದು: ತಪ್ಪು ಮಾಡದವನ ಧೈರ್ಯ, ಅಥವಾ ಪಳಗಿದವನ ಸೊಕ್ಕು. ಒಂದು ಕ್ರಿಯೆಯೂ ಯಾವ ಕಡೆಗೂ ವಾಲುವುದಿಲ್ಲ. ಅವನು ವಿಧವೆಯರನ್ನು ಕೊಂದು ದುಡ್ಡು ದೋಚಿದವನೆಂದು ಮುಂದೆ ಗೊತ್ತಾದಾಗ ಈ ಸೀನ್ ಸುಳ್ಳಾಗುವುದೂ ಇಲ್ಲ. ಮೊದಲ ಸಲ ನೋಡಿದ್ದೆಲ್ಲ ಹಾಗೇ ಇರುತ್ತದೆ, ಅರ್ಥ ಮಾತ್ರ ಮಗುಚಿಕೊಳ್ಳುತ್ತದೆ.

ಇದಕ್ಕಿಂತ ಚಿಕ್ಕ ಉದಾಹರಣೆ ಅದೇ ನಿರ್ದೇಶಕರ ‘ಸಸ್ಪಿಷನ್’ (1941) ಚಿತ್ರದಲ್ಲಿದೆ. ರೈಲು ಸುರಂಗದಲ್ಲಿದೆ, ತೆರೆ ಪೂರ್ತಿ ಕಪ್ಪು, ಒಬ್ಬ ಗಂಡಸು ಕಾಲು ತಾಗಿತೆಂದು ಕ್ಷಮೆ ಕೇಳುವ ಧ್ವನಿ. ಬೆಳಕು ಬಂದಾಗ ಕ್ಯಾರಿ ಗ್ರಾಂಟ್ ಕಾಣುತ್ತಾರೆ. ಮೂರನೇ ದರ್ಜೆಯ ಟಿಕೆಟ್ ಹಿಡಿದು ಮೊದಲ ದರ್ಜೆಯಲ್ಲಿ ಕೂತಿದ್ದಾನೆ. ಟಿಕೆಟ್ ತಪಾಸಣೆಯವನು ಹೆಚ್ಚಿನ ಹಣ ಕೇಳಿದಾಗ ಸ್ವಲ್ಪ ಕಡಿಮೆ ಬೀಳುತ್ತದೆ. ಎದುರು ಕೂತ ಪರಿಚಯವಿಲ್ಲದ ಹೆಣ್ಣಿನ ಪರ್ಸಿನಿಂದ ಒಂದು ಅಂಚೆಚೀಟಿ ಪಡೆದು ಅದನ್ನೇ ದುಡ್ಡೆಂದು ಕೊಟ್ಟುಬಿಡುತ್ತಾನೆ. ಒಂದು ಅಂಚೆಚೀಟಿಯ ವ್ಯವಹಾರದಲ್ಲಿ ಇಡೀ ಚಿತ್ರ ಅಡಗಿದೆ: ಇವನು ತುಂಟನೋ, ಹೆಂಗಸರ ದುಡ್ಡಿನಲ್ಲಿ ಬದುಕುವ ಮೋಸಗಾರನೋ? ನಾಯಕಿಗೆ ಬರುವ ಅನುಮಾನ ನಮಗೆ ಮೊದಲ ಎರಡು ನಿಮಿಷದಲ್ಲೇ ಬಂದಿರುತ್ತದೆ. ಹಾಗಿದ್ದೂ ನಾವು ನಕ್ಕಿರುತ್ತೇವೆ, ಅವನ ಪಾಲುದಾರರಾಗಿರುತ್ತೇವೆ.

ಬರೆಯುವ ಹಂತಗಳು

ಒಂದು ಉದಾಹರಣೆಯನ್ನು ಕಟ್ಟುತ್ತಾ ಹೋಗೋಣ. ಹುಬ್ಬಳ್ಳಿ ಬಸ್ ನಿಲ್ದಾಣ, ರಾತ್ರಿ ಹನ್ನೊಂದು ಗಂಟೆ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ, ಶಾಲೆಯ ಯೂನಿಫಾರ್ಮ್ ತೊಟ್ಟ ಹುಡುಗ. ಅವಳೇ ನಿಮ್ಮ ಮುಖ್ಯ ಪಾತ್ರ.

1. ಎರಡು ಒನ್‌ಲೈನ್ ಬರೆಯಿರಿ. ಹಾಳೆಯ ಎಡಕ್ಕೆ: ಕುಡುಕ ಅಪ್ಪನ ಹೊಡೆತದಿಂದ ಅಕ್ಕನ ಮಗನನ್ನು ಪಾರುಮಾಡಿ ಕರೆದೊಯ್ಯುತ್ತಿರುವ ಚಿಕ್ಕಮ್ಮ. ಬಲಕ್ಕೆ: ಹುಡುಗನನ್ನು ಕದ್ದೊಯ್ಯುತ್ತಿರುವ ಹೆಂಗಸು. ನಿಜ ಯಾವುದು ಎನ್ನುವುದು ನಿಮಗೆ ಗೊತ್ತಿರಲೇಬೇಕು. ಬರೆಯುವವರಿಗೇ ಗೊತ್ತಿಲ್ಲದಿದ್ದರೆ ತೆರೆಯ ಮೇಲೆ ಬರುವುದು ಗೊಂದಲವೇ ಹೊರತು ಸಂದಿಗ್ಧತೆಯಲ್ಲ, ಮತ್ತು ನೋಡುಗ ಅದನ್ನು ಬೇಗ ಹಿಡಿಯುತ್ತಾನೆ. ಇನ್ನೊಂದು ಮಾತು, ಎರಡೂ ಸಾಲು ಒಂದೇ ತೂಕದವಾಗಿರಬೇಕು. ‘ಚಿಕ್ಕಮ್ಮ ಅಥವಾ ಅನ್ಯಗ್ರಹದ ಜೀವಿ’ ಎಂದರೆ ಯಾರೂ ಎರಡನೆಯದನ್ನು ನಂಬುವುದಿಲ್ಲ.

2. ಪ್ರತಿಯೊಂದು ಕ್ರಿಯೆಯನ್ನೂ ಎರಡು ಸಾಲುಗಳಿಗೂ ಹಚ್ಚಿ ನೋಡಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವ ಹಂತ ಇದು; ಇಲ್ಲಿ ಆತುರ ಬೇಡ. ಹೆಂಗಸು ಹುಡುಗನ ಅಂಗಿಯಿಂದ ಶಾಲೆಯ ಬ್ಯಾಡ್ಜ್ ಬಿಚ್ಚಿ ಬ್ಯಾಗಿಗೆ ಹಾಕುತ್ತಾಳೆ: ಎರಡಕ್ಕೂ ಹೊಂದುತ್ತದೆ, ಇರಲಿ. ಫೋನ್ ಬಡಿದುಕೊಂಡಾಗ ಹೆಸರು ನೋಡಿ ಆಫ್ ಮಾಡುತ್ತಾಳೆ: ಇರಲಿ. ತಾನು ಉಪವಾಸವಿದ್ದು ಹುಡುಗನಿಗೆ ಬಾಳೆಹಣ್ಣು ತಿನ್ನಿಸುತ್ತಾಳೆ: ಇದು ಎಡಕ್ಕೆ ಮಾತ್ರ ಹೊಂದುವ ಮಮತೆ, ತೆಗೆದುಹಾಕಿ. ಚಾಕು ತೋರಿಸುತ್ತಾಳೆ: ಬಲಕ್ಕೆ ಮಾತ್ರ, ಅದನ್ನೂ ತೆಗೆದುಹಾಕಿ. ಈಗ ಅವರು ಬಸ್ಸು ಹತ್ತಿ ಕೂತಿದ್ದಾರೆ, ಕಂಡಕ್ಟರ್ ಬರುತ್ತಾನೆ. ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿದರೆ ಅವಳ ಪ್ರಯಾಣ ಉಚಿತ; ವೇಗದೂತ ಬಸ್ಸಿನಲ್ಲಿ ಇದು ಎಲ್ಲರಿಗೂ ಗೊತ್ತು. ಅವಳು ಕಾರ್ಡ್ ತೋರಿಸದೆ ನೂರರ ನೋಟುಗಳನ್ನು ಚಾಚುತ್ತಾಳೆ. ಹೆಸರು ಎಲ್ಲೂ ಕಾಣಬಾರದೆಂದೇ, ಅಥವಾ ಉಟ್ಟ ಸೀರೆಯಲ್ಲೇ ಮನೆ ಬಿಟ್ಟು ಓಡಿ ಬಂದದ್ದರಿಂದಲೇ? ಕಂಡಕ್ಟರ್ “ಹುಡುಗಗ ಎಷ್ಟ ವರ್ಷರೀ ಅಕ್ಕಾರ?” ಅಂತ ಕೇಳುತ್ತಾನೆ. ಅವಳು ಅರೆಗಳಿಗೆ ತಡೆದು “ಎಂಟ ನೋಡ್ರಿ” ಅನ್ನುತ್ತಾಳೆ. ಕಣ್ಣು ತೆರೆಯದೆಯೇ ಹುಡುಗ “ಒಂಬತ್ತು” ಅನ್ನುತ್ತಾನೆ. ಕತ್ತಲಿಲ್ಲ, ರಕ್ತವಿಲ್ಲ, ಯಾರೂ ಓಡುತ್ತಿಲ್ಲ. ಆದರೂ ಬಸ್ಸಿನಲ್ಲಿ ಕೂತ ಪ್ರತಿಯೊಬ್ಬರಂತೆ ನೋಡುಗನೂ ಅವಳ ಕಡೆ ತಿರುಗಿ ನೋಡುತ್ತಾನೆ. ನಮ್ಮ ಊರಿನ ದಿನನಿತ್ಯದ ವ್ಯವಹಾರಗಳಲ್ಲಿ ಇಂಥ ಸಾಮಗ್ರಿ ಬೇಕಾದಷ್ಟಿದೆ. ಹೊರಗಿನ ಚಿತ್ರಗಳಿಂದ ಮಳೆ ಮತ್ತು ಓವರ್‌ಕೋಟ್ ಕಡ ತರಬೇಕಾಗಿಲ್ಲ.

3. ನೋಡುಗನನ್ನು ಎಲ್ಲಿ ನಿಲ್ಲಿಸುತ್ತೀರೆಂದು ತೀರ್ಮಾನಿಸಿ. ಇದೇ ಸೀನ್ ಹೆಂಗಸಿನ ಕಣ್ಣಿನಿಂದ ಬಂದರೆ ಅವಳ ಭಯ ನಮ್ಮದಾಗುತ್ತದೆ, ಅನುಮಾನ ಅರ್ಧವಾಗುತ್ತದೆ. ಕಂಡಕ್ಟರನ ಕಣ್ಣಿನಿಂದ ಬಂದರೆ ನಾವು ತನಿಖೆ ಮಾಡುವವರಾಗುತ್ತೇವೆ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ದ ಕಾನ್ವರ್ಸೇಷನ್’ (1974) ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್ ಮೇಲಿನಿಂದ ನಿಧಾನವಾಗಿ ಹತ್ತಿರಕ್ಕೆ ಬರುವ ಜೂಮ್‌ನಿಂದ ಶುರುವಾಗುತ್ತದೆ. ಜನಜಂಗುಳಿ, ನಡುವೆ ಜನರನ್ನು ಅನುಕರಿಸುವ ಒಬ್ಬ ಮೂಕಾಭಿನಯದವನು. ಅವನು ಬೂದು ರೇನ್‌ಕೋಟಿನ ಒಬ್ಬ ಮನುಷ್ಯನ ಬೆನ್ನು ಹತ್ತುತ್ತಾನೆ. ಆಗಾಗ ಧ್ವನಿ ಯಂತ್ರದ ಕರಕರದಲ್ಲಿ ಒಡೆಯುತ್ತದೆ. ಛಾವಣಿಯ ಮೇಲೆ ಕೋವಿಯಂಥದ್ದನ್ನು ಗುರಿಯಿಟ್ಟವನು ಕಂಡಾಗ ಕೊಲೆ ನಡೆಯಲಿದೆ ಅನ್ನಿಸುತ್ತದೆ. ಅದು ದೂರದ ಮಾತು ಹಿಡಿಯುವ ಮೈಕ್ ಎಂದು ಆಮೇಲೆ ಗೊತ್ತಾಗುತ್ತದೆ. ರೇನ್‌ಕೋಟಿನವನು ಹ್ಯಾರಿ ಕಾಲ್, ಆ ಕದ್ದಾಲಿಕೆಯ ತಂಡದ ಮುಖ್ಯಸ್ಥ. ಆದರೆ ಮೊದಲು ನಮಗೆ ಅವನು ಗಮನಿಸುವವನೋ ಗುರಿಯಾದವನೋ ತಿಳಿಯುವುದಿಲ್ಲ. ಕ್ಯಾಮೆರಾ ನಿಂತ ಎತ್ತರವೇ ಆ ಪ್ರಶ್ನೆಯನ್ನು ಹುಟ್ಟಿಸಿದೆ.

4. ಮಾತು ಒಂದು ಕಡೆ ಎಳೆಯಲಿ, ದೃಶ್ಯ ಇನ್ನೊಂದು ಕಡೆ. ಡೇವಿಡ್ ಫಿಂಚರ್ ಅವರ ‘ಗಾನ್ ಗರ್ಲ್’ (2014) ಹೆಂಡತಿಯ ತಲೆಗೂದಲ ಮೇಲೆ ಆಡುವ ಗಂಡನ ಕೈಯಿಂದ ಆರಂಭವಾಗುತ್ತದೆ. ಅದೇ ಹೊತ್ತಿಗೆ ಅವನ ಧ್ವನಿ, ಆ ತಲೆಯನ್ನು ಒಡೆದು ಒಳಗಿನ ಯೋಚನೆಗಳನ್ನು ಬಿಡಿಸಿ ನೋಡುವ ಮಾತಾಡುತ್ತದೆ. ಅವಳು ತಿರುಗಿ ನಮ್ಮತ್ತ ನೋಡುತ್ತಾಳೆ. ಕೈ ಪ್ರೀತಿಯದು, ಮಾತು ಕೊಲೆಗಾರನದು, ಎರಡೂ ಒಂದೇ ಶಾಟ್‌ನಲ್ಲಿ. ಇದೇ ಬಗೆಯ ಶಾಟ್ ಚಿತ್ರದ ಕೊನೆಗೆ ಮತ್ತೆ ಬಂದಾಗ ಹೆದರಬೇಕಾದವರು ಯಾರೆಂಬುದೇ ಬದಲಾಗಿರುತ್ತದೆ. ನಿಮ್ಮ ಬಸ್ಸಿನ ಹೆಂಗಸು ಜೋಗುಳದ ಧಾಟಿಯಲ್ಲಿ ಹುಡುಗನ ಕಿವಿಯಲ್ಲಿ ಹೊಸ ಹೆಸರೊಂದನ್ನು ಹೇಳಿಕೊಡುತ್ತಿದ್ದರೆ ಹೇಗಿರುತ್ತದೆ, ಯೋಚಿಸಿ.

5. ಪಾತ್ರಕ್ಕೆ ಒಂದು ಕೆಲಸ ಕೊಡಿ, ಆ ಕೆಲಸದಲ್ಲಿ ನೈಪುಣ್ಯ ಕೊಡಿ. ಒಳ್ಳೆಯತನ ಗೊತ್ತಿಲ್ಲದವನ ಮೇಲೂ ನೋಡುಗನಿಗೆ ಒಲವು ಹುಟ್ಟುವುದು ಇಲ್ಲಿಂದಲೇ.

6. ಪ್ರಶ್ನೆ ಯಾವಾಗ ಹರಿತವಾಗಬೇಕೆಂದು ಗುರುತು ಹಾಕಿ. ಬಗೆಹರಿಯುವುದು ಕೊನೆಗೆ; ಹರಿತವಾಗುವುದು ಮೊದಲ ಹತ್ತು ನಿಮಿಷದೊಳಗೆ. ‘ಅಂಧಾಧುನ್’ (2018) ಚಿತ್ರದ ಆಕಾಶ್ ಕುರುಡ ಪಿಯಾನೋ ವಾದಕನೆಂದು ನಂಬುತ್ತೇವೆ, ನೆರೆಯ ಹುಡುಗನೊಬ್ಬ ಮಾತ್ರ ಅನುಮಾನಪಡುತ್ತಾನೆ. ಅವನು ನಟಿಸುತ್ತಿದ್ದಾನೆಂದು ಶ್ರೀರಾಮ್ ರಾಘವನ್ ಬೇಗನೆ ಬಿಟ್ಟುಕೊಡುತ್ತಾರೆ. ಹಾಗೆ ಬಿಟ್ಟುಕೊಟ್ಟದ್ದರಿಂದ ಪ್ರಶ್ನೆ ಮುಗಿಯಲಿಲ್ಲ. ‘ಕಾಣುತ್ತದೆಯೇ’ ಎಂಬಲ್ಲಿಂದ ‘ಇಷ್ಟು ಸಲೀಸಾಗಿ ಸುಳ್ಳು ಹೇಳುವವನ ಮಾತನ್ನು ಕೊನೆಯವರೆಗೆ ಹೇಗೆ ನಂಬುವುದು’ ಎಂಬಲ್ಲಿಗೆ ಬೆಳೆಯಿತು. ಚಿತ್ರದ ಕೊನೆಯ ಶಾಟ್ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಬರಬಹುದಾದ ಆಕ್ಷೇಪಗಳು

ಮೊದಲನೆಯದು: ಒಳ್ಳೆಯವನೋ ಅಲ್ಲವೋ ಗೊತ್ತಿಲ್ಲದವನ ಜೊತೆ ನೋಡುಗ ಯಾಕೆ ಎರಡು ಗಂಟೆ ಕೂರುತ್ತಾನೆ? ನೀತಿಯನ್ನು ನೋಡಿ ನಾವು ಪಾತ್ರಗಳ ಪಕ್ಷ ವಹಿಸುತ್ತೇವೆ ಎಂಬ ನಂಬಿಕೆಯ ಮೇಲೆ ಈ ಆಕ್ಷೇಪ ನಿಂತಿದೆ. ‘ಸೈಕೋ’ (1960) ಈ ನಂಬಿಕೆಯನ್ನು ಅಲುಗಾಡಿಸಿಬಿಟ್ಟಿತು. ಮೊದಲು ಊರು, ತಾರೀಕು, ಗಂಟೆ ನಿಮಿಷಗಳನ್ನು ಪಂಚನಾಮೆಯಲ್ಲಿ ಬರೆದಂತೆ ತೆರೆಯ ಮೇಲೆ ಮೂಡಿಸಿ, ಅರ್ಧ ಇಳಿಸಿದ ಪರದೆಯ ಅಡಿಯಿಂದ ಕ್ಯಾಮೆರಾ ಒಂದು ಹೋಟೆಲ್ ಕೋಣೆಗೆ ನುಗ್ಗುತ್ತದೆ. ಮೇರಿಯನ್ ಕ್ರೇನ್ ನಲವತ್ತು ಸಾವಿರ ಡಾಲರ್ ಕದಿಯುತ್ತಾಳೆ. ಪೊಲೀಸ್ ಎದುರಾದಾಗ ನಮ್ಮ ಎದೆ ಹೊಡೆದುಕೊಳ್ಳುವುದು ಅವಳ ಪರವಾಗಿ. ತಂಗಿದ್ದ ಮೋಟೆಲಿನಲ್ಲೇ ಅವಳು ಕೊಲೆಯಾದ ಮೇಲೆ, ಅದನ್ನು ನಡೆಸುವ ನಾರ್ಮನ್ ಬೇಟ್ಸ್ ಅವಳ ಕಾರನ್ನು ಕೆಸರಿನ ಕೊಳಕ್ಕೆ ನೂಕುತ್ತಾನೆ, ಕಾರು ಅರ್ಧ ಮುಳುಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಅದು ಮುಳುಗಲಿ ಅಂತ ಉಸಿರು ಬಿಗಿಹಿಡಿಯದವರು ಕಡಿಮೆ. ಆಗಷ್ಟೇ ಕೊಲೆಯಾದವಳ ಜೊತೆಗಿದ್ದ ನಾವು, ಕುರುಹು ಅಳಿಸುವವನ ಜೊತೆಗೆ ಹೋದದ್ದು ಹೇಗೆ? ಅವನು ಒಂದು ಕೆಲಸ ಹಿಡಿದಿದ್ದಾನೆ, ಅದು ಕಷ್ಟದ ಕೆಲಸ, ನಾವು ಮೊದಲಿನಿಂದ ಅವನ ಪಕ್ಕದಲ್ಲಿ ನಿಂತು ನೋಡಿದ್ದೇವೆ. ಅಷ್ಟೇ ಸಾಕಾಯಿತು. ಐದನೆಯ ಹಂತದಲ್ಲಿ ಹೇಳಿದ ಮಾತಿಗೆ ಇದು ಆಧಾರ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ, ನಮ್ಮ ಉದ್ಯಮದ್ದೇ: ಸ್ಟಾರ್ ಇದ್ದಮೇಲೆ ಸಂದಿಗ್ಧತೆ ಎಲ್ಲಿಯದು? ಎಂಟ್ರಿ ಸೀನ್ ಬೇಕು, ಬಿಲ್ಡಪ್ ಬೇಕು, ಮೊದಲು ಕಾಲು, ಆಮೇಲೆ ಕೈ, ಆಮೇಲೆ ಸ್ಲೋ ಮೋಷನ್‌ನಲ್ಲಿ ಮುಖ; ಅಷ್ಟರಲ್ಲಿ ಇವನು ಕೆಟ್ಟವನಲ್ಲ ಎಂದು ಚಿತ್ರಮಂದಿರಕ್ಕೆ ಗೊತ್ತಾಗಿಬಿಟ್ಟಿರುತ್ತದೆ. ಇದು ಇಲ್ಲಿನ ಸಮಸ್ಯೆ ಮಾತ್ರವಲ್ಲ. ‘ಸಸ್ಪಿಷನ್’ ಚಿತ್ರದ ಮೂಲ ಕಾದಂಬರಿಯಲ್ಲಿ ಗಂಡ ಕೊಲೆಗಾರನೇ. ಕ್ಯಾರಿ ಗ್ರಾಂಟ್ ಕೊಲೆಗಾರನಾಗುವುದನ್ನು ಸ್ಟುಡಿಯೋ ಒಪ್ಪಲಿಲ್ಲವೆಂದು ಹಿಚ್‌ಕಾಕ್ ಹೇಳಿದ್ದಾರೆ. ಆ ಚಿತ್ರದ ಕೊನೆ ಪೇಲವವಾದದ್ದು ನಿಜ. ಆದರೆ ಅದರ ಆರಂಭ ಯಾಕೆ ಇವತ್ತಿಗೂ ಚುರುಕಾಗಿದೆ ಎಂದರೆ, ಸ್ಟಾರ್‌ನ ಮೋಹಕತೆಯನ್ನೇ ಅದು ಸಾಕ್ಷ್ಯವಾಗಿ ಬಳಸಿಕೊಂಡಿದೆ. ಮಲಯಾಳಂನ ‘ದೃಶ್ಯಂ’ (2013) ಇನ್ನೊಂದು ದಾರಿ ತೋರಿಸುತ್ತದೆ. ಜೀತು ಜೋಸೆಫ್ ಮೊದಲು ಮೋಹನ್‌ಲಾಲ್ ಅವರನ್ನು ಹೊಸ ಪೊಲೀಸ್ ಠಾಣೆಯಲ್ಲಿ ಸುಮ್ಮನೆ ಕೂರಿಸುತ್ತಾರೆ, ಆಮೇಲೆ ಹಿಂದಕ್ಕೆ ಹೋಗಿ ಜಿಪುಣ, ಸಿನಿಮಾ ಹುಚ್ಚಿನ, ಕೇಬಲ್ ಟಿವಿ ನಡೆಸುವ ಸಂಸಾರಸ್ಥನನ್ನು ತೋರಿಸುತ್ತಾ ಹೋಗುತ್ತಾರೆ. ಠಾಣೆಯಲ್ಲಿ ಕೂತವನು ಸಿಕ್ಕಿಬಿದ್ದ ಬಡಪಾಯಿಯೋ, ಏನನ್ನೋ ಗೆದ್ದವನೋ ಎಂಬುದು ಹೆಣ ಎಲ್ಲಿದೆ ಎಂದು ತಿಳಿಯುವವರೆಗೂ ಪೂರ್ತಿ ಗೊತ್ತಾಗುವುದಿಲ್ಲ. 2014ರಲ್ಲಿ ಪಿ. ವಾಸು ಇದನ್ನು ಕನ್ನಡಕ್ಕೆ ತಂದಾಗ ಆ ಪಾತ್ರ ಮಾಡಿದವರು ರವಿಚಂದ್ರನ್. ಅಷ್ಟು ದೊಡ್ಡ ಸ್ಟಾರ್ ಇದ್ದೂ ಅನುಮಾನ ಉಳಿಯಿತು. ಸ್ಟಾರ್ ಇದ್ದಾಗ ‘ಇವನು ಒಳ್ಳೆಯವನೇ’ ಎಂಬ ಪ್ರಶ್ನೆ ಏಳದಿರಬಹುದು. ‘ಇವನು ಎಷ್ಟು ದೂರ ಹೋದಾನು’ ಎಂಬುದು ಏಳುತ್ತದೆ. ನಿಮ್ಮ ಎರಡು ಒನ್‌ಲೈನ್‌ಗಳನ್ನು ಆ ಪ್ರಶ್ನೆಯ ಸುತ್ತ ಬರೆದುಕೊಳ್ಳಿ.

ಮೂರನೆಯದು: ಮೊಬೈಲಿನಲ್ಲಿ ನೋಡುವವರು ಮೊದಲ ನಿಮಿಷದಲ್ಲೇ ಬೇರೆಡೆಗೆ ಹೋಗುತ್ತಾರೆ, ಅವರನ್ನು ಹಿಡಿದಿಡಲು ದೊಡ್ಡ ಆಘಾತ ಬೇಡವೇ? ಬೇಕಾದರೆ ಇಡಿ, ಆದರೆ ಘಟನೆಯ ಕುತೂಹಲವನ್ನೂ ಪಾತ್ರದ ಕುತೂಹಲವನ್ನೂ ಕಲಸಬೇಡಿ. ಸುಜಯ್ ಘೋಷ್ ಅವರ ‘ಕಹಾನಿ’ (2012) ಕೋಲ್ಕತ್ತಾ ಮೆಟ್ರೊದಲ್ಲಿ ವಿಷಾನಿಲದ ದಾಳಿಯಿಂದ ಶುರುವಾಗುತ್ತದೆ. ಎರಡು ವರ್ಷಗಳ ನಂತರ ವಿಮಾನ ನಿಲ್ದಾಣದಿಂದ ತುಂಬು ಬಸುರಿ ವಿದ್ಯಾ ಬಾಗ್ಚಿ ಹೊರಬಂದು, ಟ್ಯಾಕ್ಸಿ ಹಿಡಿದು ನೇರ ಕಾಳಿಘಾಟ್ ಠಾಣೆಗೆ ಹೋಗಿ ಕಾಣೆಯಾದ ಗಂಡನನ್ನು ಹುಡುಕಿಕೊಡಿ ಅನ್ನುತ್ತಾಳೆ. ದಾಳಿ ನಮ್ಮನ್ನು ಹಿಡಿದಿಟ್ಟಿತು, ಅವಳು ನಮ್ಮ ಕನಿಕರ ಗಳಿಸಿದಳು. ಹೊಟ್ಟೆ ಕೃತಕವಾದದ್ದು, ಬಂದದ್ದು ಸೇಡಿಗೆ ಎಂದು ದುರ್ಗಾಪೂಜೆಯ ರಾತ್ರಿ ಗೊತ್ತಾಗುವವರೆಗೆ, ಆ ಎರಡು ದೃಶ್ಯಗಳ ನಡುವೆ ಇದ್ದ ನೇರ ಸಂಬಂಧವನ್ನು ನಾವು ನೋಡಿದ್ದರೂ ಕಂಡಿರಲಿಲ್ಲ.

ಎಚ್ಚರಿಕೆ

ತಡೆಹಿಡಿಯುವುದು ಬೇರೆ, ಸುಳ್ಳು ತೋರಿಸುವುದು ಬೇರೆ. ಹಿಚ್‌ಕಾಕ್ ಅವರ ‘ಸ್ಟೇಜ್ ಫ್ರೈಟ್’ (1950) ಓಡುವ ಕಾರಿನಲ್ಲಿ ಯುವಕನೊಬ್ಬ ತನಗೇನಾಯಿತೆಂದು ಹೇಳುವುದರಿಂದ ಆರಂಭವಾಗುತ್ತದೆ; ಅವನು ಹೇಳಿದ್ದು ಫ್ಲಾಶ್‌ಬ್ಯಾಕ್ ಆಗಿ ತೆರೆಯ ಮೇಲೆ ನಡೆಯುತ್ತದೆ. ಕೊನೆಗೆ ಅದು ಸುಳ್ಳೆಂದು ತಿಳಿದಾಗ ನೋಡುಗರು ಮೋಸಹೋದೆವೆಂದು ಸಿಟ್ಟಾದರು, ಹಾಗೆ ಮಾಡಬಾರದಿತ್ತೆಂದು ನಿರ್ದೇಶಕರೇ ಆಮೇಲೆ ಒಪ್ಪಿಕೊಂಡರು. ಪಾತ್ರ ಬಾಯಲ್ಲಿ ಸುಳ್ಳು ಹೇಳಬಹುದು. ಕ್ಯಾಮೆರಾ ತಾನಾಗಿ ಸಾಕ್ಷಿ ನುಡಿಯುವಾಗ ಸುಳ್ಳು ಹೇಳಿದರೆ, ಆಮೇಲೆ ಅದು ತೋರಿಸುವ ಯಾವುದನ್ನೂ ನೋಡುಗ ನಂಬಬೇಕಾಗಿಲ್ಲ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುವ ಕಥೆ ನಿಮ್ಮದಾದರೆ, ‘ಉಳಿದವರು ಕಂಡಂತೆ’ (2014) ಮಾಡಿದ ಹಾಗೆ, ಇದು ಯಾರೋ ಕಂಡ ಬಗೆ ಎಂದು ಮೊದಲೇ ಹೇಳಿಬಿಡಿ. ಆಗ ಒಪ್ಪಂದ ನೇರವಾಗಿರುತ್ತದೆ.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಅನುಮಾನ ಹುಟ್ಟಿಸಲು ಸುಲಭದ ಗುರುತುಗಳು ಕೈಗೆ ಸಿಗುತ್ತವೆ: ಒಂದು ಧರ್ಮದ ಉಡುಪು, ಒಂದು ಪ್ರದೇಶದ ಮಾತಿನ ಧಾಟಿ, ಮೈಬಣ್ಣ, ಮಾನಸಿಕ ಕಾಯಿಲೆಯ ಮಾತ್ರೆ ಡಬ್ಬಿ, ಮುಖದ ಮೇಲಿನ ಸುಟ್ಟ ಗಾಯ. ಇವುಗಳಿಂದ ಹುಟ್ಟುವ ಅನುಮಾನ ನಿಮ್ಮ ಪಾತ್ರದ ಮೇಲಿನದಲ್ಲ, ಆ ಜನರ ಮೇಲಿನದು. ಚಿತ್ರ ಮುಗಿದ ಮೇಲೂ ಅದು ಬೀದಿಯಲ್ಲಿ ನಡೆಯುವ ನಿಜವಾದ ಮನುಷ್ಯರಿಗೆ ಅಂಟಿಕೊಂಡಿರುತ್ತದೆ. ‘ಕೊನೆಗೆ ಅವನು ನಿರಪರಾಧಿ ಎಂದು ತೋರಿಸಿದ್ದೇವಲ್ಲ’ ಎಂಬ ಸಮಜಾಯಿಷಿ ಸಾಲದು. ಆ ತಿರುವು ಫಲಿಸಬೇಕಾದರೂ ನೋಡುಗನ ಪೂರ್ವಗ್ರಹವನ್ನು ನೀವು ಮೊದಲು ಉಣಿಸಿ ಬೆಳೆಸಿರಬೇಕಾಗುತ್ತದೆ. ಬಸ್ಸಿನ ಹೆಂಗಸಿನ ಮೇಲೆ ನಮಗೆ ಅನುಮಾನ ಬಂದದ್ದು ಅವಳು ಮಾಡಿದ ಕೆಲಸದಿಂದ, ಅವಳು ಯಾರು ಎಂಬುದರಿಂದಲ್ಲ. ಈ ಗೆರೆಯನ್ನು ಕಾಯ್ದುಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಂಗೀತ ತೀರ್ಪು ಕೊಡುವುದು. ಚಿತ್ರೀಕರಣದಲ್ಲಿ ಎಷ್ಟೇ ಎಚ್ಚರದಿಂದ ತೂಗಿದ್ದರೂ ರೀರೆಕಾರ್ಡಿಂಗ್‌ನಲ್ಲಿ ಒಂದು ಅಪಶಕುನದ ಸ್ವರ ಸೇರಿದರೆ ತಕ್ಕಡಿ ವಾಲುತ್ತದೆ. ಆರಂಭದ ಸೀನ್‌ಗೆ ಸಾಧ್ಯವಾದಷ್ಟು ಆ ಜಾಗದ ಶಬ್ದಗಳನ್ನೇ ಬಿಡಿ: ನಿಲ್ದಾಣದ ಘೋಷಣೆ, ಎಂಜಿನ್ನಿನ ಗುರುಗುರು, ಟಿಕೆಟ್ ಯಂತ್ರದ ಸದ್ದು.

ಕೊಲೆಯೊಂದನ್ನು ತೋರಿಸಿ ‘ಆರು ತಿಂಗಳ ಹಿಂದೆ’ ಎಂದು ಬರೆದು ಹಿಂದಕ್ಕೆ ಹೋಗುವುದು. ಮುಂದೇನಾಗುತ್ತದೆ ಎಂಬುದನ್ನು ಅದು ಹೇಳಿಬಿಡುತ್ತದೆ, ಪಾತ್ರದ ಬಗ್ಗೆ ಏನೂ ಹೇಳುವುದಿಲ್ಲ. ‘ದೃಶ್ಯಂ’ ಮುಂದಿನದನ್ನು ಮೊದಲು ತೋರಿಸಿದ್ದು ನಿಜ, ಆದರೆ ತೋರಿಸಿದ್ದು ಸುಮ್ಮನೆ ಕೂತ ಒಬ್ಬ ಮನುಷ್ಯನನ್ನು. ಕನಸಿನಿಂದ ಬೆಚ್ಚಿ ಏ‍ಳುವ ಆರಂಭವೂ ಇದೇ ಜಾತಿಯದು. ವಾಯ್ಸ್ ಓವರ್‌ನಲ್ಲಿ ‘ನಾನು ಒಳ್ಳೆಯವನೂ ಅಲ್ಲ ಕೆಟ್ಟವನೂ ಅಲ್ಲ’ ಎಂದು ಪಾತ್ರದಿಂದಲೇ ಹೇಳಿಸಬೇಡಿ. ನೋಡುಗನ ಪಾಲಿನ ಕೆಲಸವನ್ನು ಕಸಿದುಕೊಂಡಂತಾಗುತ್ತದೆ.

ಇನ್ನೊಂದು, ಒಗಟುಗಳನ್ನು ಗುಡ್ಡೆ ಹಾಕುವುದು. ಹುಡುಗ ಯಾರು, ಹೆಂಗಸು ಯಾರು, ಬ್ಯಾಗಿನಲ್ಲೇನಿದೆ, ಹಿಂದಿನ ಸೀಟಿನವನು ಯಾಕೆ ನೋಡುತ್ತಿದ್ದಾನೆ, ಡ್ರೈವರ್ ಯಾಕೆ ಬೆವರುತ್ತಿದ್ದಾನೆ. ಐದು ಪ್ರಶ್ನೆ ಒಟ್ಟಿಗೆ ಬಂದರೆ ಒಂದನ್ನೂ ಹಿಡಿದುಕೊಳ್ಳಲು ಆಗುವುದಿಲ್ಲ.

ಬರೆದ ಮೇಲೆ ಪರೀಕ್ಷಿಸುವುದು

ಸೀನ್ ಬರೆದಾದ ಮೇಲೆ, ಅಥವಾ ಒರಟು ಎಡಿಟಿಂಗ್ ಮುಗಿದ ಮೇಲೆ, ಕಥೆ ಗೊತ್ತಿಲ್ಲದ ನಾಲ್ಕೈದು ಜನರಿಗೆ ಕೊಡಿ. ಬೇರೆ ಬೇರೆ ವಯಸ್ಸಿನವರಾಗಿರಲಿ, ಸಿನಿಮಾದವರೇ ಆಗದಿರಲಿ. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ಮೊದಲು ಮಾತಾಡಿದವರ ಅಭಿಪ್ರಾಯ ಉಳಿದವರನ್ನು ಎಳೆಯುತ್ತದೆ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ. ಎರಡು ಪ್ರಶ್ನೆ ಸಾಕು: ಈ ಹೆಂಗಸು ಏನು ಮಾಡುತ್ತಿದ್ದಾಳೆ? ಹಾಗನ್ನಿಸಿದ್ದು ಯಾವುದನ್ನು ನೋಡಿ? ಎಲ್ಲರೂ ಒಂದೇ ಉತ್ತರ ಕೊಟ್ಟರೆ ತಕ್ಕಡಿ ವಾಲಿದೆ. ಎರಡನೆಯ ಪ್ರಶ್ನೆಯ ಉತ್ತರದಲ್ಲಿ ಹೆಚ್ಚು ಸಲ ಬಂದ ವಿವರವನ್ನು ತೆಗೆದುಹಾಕಿ ಇನ್ನೊಮ್ಮೆ ತೋರಿಸಿ. ಎಲ್ಲರೂ ‘ಗೊತ್ತಾಗಲಿಲ್ಲ’ ಅಂದರೆ ನೀವು ಮುಚ್ಚಿಟ್ಟದ್ದು ಹೆಚ್ಚಾಗಿದೆ, ಒಂದು ಕ್ರಿಯೆಯನ್ನು ಬೆಳಕಿಗೆ ತನ್ನಿ. ಒಂದೇ ವಿವರವನ್ನು, ಉದಾಹರಣೆಗೆ ಆ ಅರೆಗಳಿಗೆಯ ತಡವರಿಕೆಯನ್ನು, ಇಬ್ಬರು ಎರಡು ವಿರುದ್ಧ ಉತ್ತರಗಳಿಗೆ ಆಧಾರವಾಗಿ ಕೊಟ್ಟರೆ ಅದನ್ನು ಮುಟ್ಟಬೇಡಿ. ಎಡಿಟರ್ ಸೀನ್ ಉದ್ದವಾಯಿತೆಂದು ಕತ್ತರಿ ಹಿಡಿದು ಬಂದಾಗಲೂ ಅದೊಂದನ್ನು ಉಳಿಸಿಕೊಂಡು ಬೇರೆಯದನ್ನು ಬಿಟ್ಟುಕೊಡಿ.